ಬೆನ್ನಿಗೊಂದು ಬ್ಯಾಗ್, ಜೊತೆಗೊಬ್ಬರು: ಕಡಿಮೆ ಖರ್ಚಲ್ಲಿ ಬಾಲಿ ಸುತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನೂ ನನ್ನ ಗಂಡನೂ ಪ್ಯಾಕೇಜ್ ತಗೊಳ್ಳದೆ, ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಬಾಲಿ ಸುತ್ತಿ ಬಂದ ಮೇಲೆ ನೆಂಟರು, ಆಫೀಸಿನವರು, ಗುರುತಿಲ್ಲದವರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟಿದ್ದೇನೆ. ದರಗಳು 2025ರ ಸುಮಾರಿನವು. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

## ಹೊರಡುವ ಮುಂಚೆ

ನಮಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಪ್ಯಾಕೇಜ್ ಇಲ್ಲದೆ ನಾವಿಬ್ಬರೇ ಹೋಗಿ ಬರಬಹುದಾ?

ಧಾರಾಳವಾಗಿ ಹೋಗಿ ಬರಬಹುದು. ಮೊದಲ ಸಲ ಹೊರದೇಶಕ್ಕೆ ಹೋಗುವ ಜೋಡಿಗೆ ನಾನು ಹೇಳುವ ಮೊದಲ ಹೆಸರೇ ಬಾಲಿ. ಬೆಂಗಳೂರಿನಿಂದ ಬಾಲಿಯ ರಾಜಧಾನಿ ದೆನ್‌ಪಸಾರ್‌ಗೆ 2024ರ ಮಾರ್ಚ್ ಕೊನೆಯಲ್ಲಿ ಇಂಡಿಗೋದ ನೇರ ವಿಮಾನ ಶುರುವಾಯಿತು. ಅಲ್ಲಿನ ಸಮಯ ನಮಗಿಂತ ಎರಡೂವರೆ ಗಂಟೆ ಮುಂದು. ನಮ್ಮ ಹಾಗೆ ರಸ್ತೆಯ ಎಡಗಡೆಯಲ್ಲೇ ಓಡಿಸುತ್ತಾರೆ. ಹೋಟೆಲಿನವರು, ಅಂಗಡಿಯವರು, ಡ್ರೈವರ್‌ಗಳು ಮಾತಾಡುವ ಇಂಗ್ಲಿಷೂ ಸರಳವಾದದ್ದೇ, ಹಾಗಾಗಿ ನಿಮ್ಮದು ಅವರಿಗೆ ಅರ್ಥವಾಗುತ್ತದೆ, ಅವರದು ನಿಮಗೆ. ದ್ವೀಪ ದೊಡ್ಡದೇನಲ್ಲ, ಸುಮಾರು 5,780 ಚದರ ಕಿಲೋಮೀಟರ್. ಆದರೆ ರಸ್ತೆ ಕಿರಿದು, ದಕ್ಷಿಣದಲ್ಲಿ ಟ್ರಾಫಿಕ್ ಜಾಸ್ತಿ. ಮ್ಯಾಪಲ್ಲಿ 40 ಕಿಲೋಮೀಟರ್ ಅಂತ ಕಂಡರೆ ಎರಡು ಗಂಟೆ ಇಟ್ಟುಕೊಳ್ಳಿ.

ಇಬ್ಬರಿಗೆ ಒಟ್ಟು ಎಷ್ಟಾಗುತ್ತೆ? ಸುತ್ತಿ ಬಳಸಿ ಹೇಳ್ಬೇಡಿ.

ಎರಡು ವಾರಕ್ಕೆ, ವಿಮಾನವೂ ಸೇರಿ, ಇಬ್ಬರಿಗೆ ಒಂದೂಕಾಲರಿಂದ ಒಂದೂವರೆ ಲಕ್ಷ ರೂಪಾಯಿ. ನಮ್ಮ ಒಂದು ರೂಪಾಯಿಗೆ ಇಂಡೋನೇಷ್ಯಾದ ಹಣ ಸುಮಾರು 185 ರುಪಿಯಾ ಅಂತ ಹಿಡಿಯಿರಿ. ಫ್ಯಾನ್ ರೂಮಿಗೆ ಇಬ್ಬರಿಗೆ ರಾತ್ರಿಗೆ 2ರಿಂದ 3 ಲಕ್ಷ ರುಪಿಯಾ, ಬೆಳಗಿನ ತಿಂಡಿ ಅದರಲ್ಲೇ ಬರುತ್ತದೆ. ಮಧ್ಯಾಹ್ನ, ರಾತ್ರಿಯ ಊಟ, ಕಾಫಿ, ಎಳನೀರು ಸೇರಿ ಇಬ್ಬರಿಗೆ 2ರಿಂದ 2.5 ಲಕ್ಷ. ಸ್ಕೂಟರ್ ಬಾಡಿಗೆ, ಪೆಟ್ರೋಲ್ ಒಂದು ಲಕ್ಷ. ಟಿಕೆಟ್, ಪಾರ್ಕಿಂಗ್, ಚಿಲ್ಲರೆ ಖರ್ಚು ಇನ್ನೊಂದು ಲಕ್ಷ. ಅಲ್ಲಿಗೆ ದಿನಕ್ಕೆ 7 ಲಕ್ಷ ರುಪಿಯಾ, ಅಂದರೆ ನಮ್ಮ 3,800 ರೂಪಾಯಿ ಆಸುಪಾಸು. ಲಕ್ಷ ಲಕ್ಷ ಅಂತ ಕೇಳಿ ಗಾಬರಿ ಬೇಡ, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಬಾಲಿಯಲ್ಲಿ ಲೆಕ್ಕ ತಪ್ಪುವುದು ಹಾಸಿಗೆಯಿಂದಲೂ ಅಲ್ಲ, ಊಟದಿಂದಲೂ ಅಲ್ಲ. ತಪ್ಪುವುದು ಓಡಾಟದ ಚಕ್ರದಿಂದ. ದಿನಾ ಒಂದು ಊರು ಬದಲಿಸುವವರು, ದಿನಾ ಕಾರು ಮಾಡಿ ಹತ್ತು ಫೋಟೋ ಜಾಗಕ್ಕೆ ಓಡುವವರು ಅಗ್ಗದ ರೂಮಲ್ಲಿ ಮಲಗಿದರೂ ದುಬಾರಿ ಪ್ರವಾಸವನ್ನೇ ಮಾಡುತ್ತಾರೆ. ಕಡಿಮೆ ಊರು, ಒಂದೊಂದರಲ್ಲೂ ಜಾಸ್ತಿ ದಿನ: ಉಳಿತಾಯ ಅಂದರೆ ಇಷ್ಟೇ. ದ್ವೀಪ ಕಣ್ಣಿಗೆ ಬೀಳುವುದೂ ಆಗಲೇ.

ವೀಸಾ ಇಲ್ಲೇ ಮಾಡಿಸ್ಕೊಂಡು ಹೋಗ್ಬೇಕಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಅಲ್ಲಿ ಇಳಿದ ಮೇಲೂ ವೀಸಾ ಸಿಗುತ್ತದೆ. ತಲೆಗೆ 5 ಲಕ್ಷ ರುಪಿಯಾ, 30 ದಿನ ಇರಬಹುದು, ಒಮ್ಮೆ ಇನ್ನೂ 30 ದಿನ ವಿಸ್ತರಿಸಬಹುದು. ಇಳಿದ ದಿನವೇ ಮೊದಲ ದಿನ ಅಂತ ಲೆಕ್ಕ. ಅವರ ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ಮುಂಚೆಯೇ ಕಟ್ಟಿ ಹೋದರೆ ಒಂದು ಕ್ಯೂ ತಪ್ಪುತ್ತದೆ. ಅದೇ ರೀತಿ ಕಾಣುವ ಏಜೆಂಟರ ಸೈಟುಗಳು ಬಹಳ ಇವೆ, ಅವು ಡಬಲ್ ವಸೂಲಿ ಮಾಡುತ್ತವೆ. ವಿಳಾಸದ ಕೊನೆಯಲ್ಲಿ ಇಂಡೋನೇಷ್ಯಾ ಸರ್ಕಾರದ ಗುರುತು (.go.id) ಇದೆಯಾ ನೋಡಿ. ಪಾಸ್‌ಪೋರ್ಟ್ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ವಾಪಸ್ ಟಿಕೆಟ್ ಕೈಯಲ್ಲಿರಲಿ.

ಇದಲ್ಲದೆ ಬಾಲಿ ಪ್ರಾಂತ್ಯದವರು 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿ ಪ್ರವಾಸಿಯಿಂದ 1.5 ಲಕ್ಷ ರುಪಿಯಾ ಶುಲ್ಕ ತಗೊಳ್ಳುತ್ತಿದ್ದಾರೆ. ‘ಲವ್ ಬಾಲಿ’ ಅನ್ನುವ ಅವರದೇ ಜಾಲತಾಣದಲ್ಲಿ ಕಟ್ಟಿ, ಬರುವ ಕ್ಯೂಆರ್ ಕೋಡನ್ನು ಫೋನಲ್ಲಿ ಇಟ್ಟುಕೊಳ್ಳಿ. ಹೊರಡುವ ಎರಡು ಮೂರು ದಿನ ಮುಂಚೆ ಆಗಮನದ ಫಾರಂ ಒಂದನ್ನೂ ಆನ್‌ಲೈನಲ್ಲಿ ತುಂಬಬೇಕು, ಅದು ಪುಕ್ಕಟೆ.

ಯಾವ ತಿಂಗಳು ಒಳ್ಳೇದು? ಯುಗಾದಿ ರಜೆಗೆ ಹೋಗೋಣ ಅಂತಿದ್ದೀವಿ.

ಏಪ್ರಿಲಿನಿಂದ ಅಕ್ಟೋಬರ್ ಒಣ ಕಾಲ, ನವೆಂಬರಿನಿಂದ ಮಾರ್ಚ್ ಮಳೆ. ಜುಲೈ, ಆಗಸ್ಟ್ ಮತ್ತು ಕ್ರಿಸ್‌ಮಸ್ ಸುಮಾರಿಗೆ ಜನವೂ ಜಾಸ್ತಿ, ದರವೂ ಜಾಸ್ತಿ. ನನ್ನ ಕೇಳಿದರೆ ಮೇ, ಜೂನ್ ಇಲ್ಲವೇ ಸೆಪ್ಟೆಂಬರ್.

ಯುಗಾದಿ ಅಂದಿರಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕು. ಬಾಲಿಯವರೂ ಶಕ ವರ್ಷವನ್ನೇ ಎಣಿಸುತ್ತಾರೆ. ಅವರ ಹೊಸ ವರ್ಷದ ಹೆಸರು ನ್ಯೆಪಿ, ಅಮಾವಾಸ್ಯೆಯ ಮರುದಿನ ಬರುತ್ತದೆ. 2023ರಲ್ಲಿ ಯುಗಾದಿಯೂ ನ್ಯೆಪಿಯೂ ಒಂದೇ ದಿನ, ಮಾರ್ಚ್ 22. 2026ರಲ್ಲೂ ಒಂದೇ ದಿನ, ಮಾರ್ಚ್ 19, ಇಬ್ಬರಿಗೂ ಶಕ 1948. ಕೆಲವು ವರ್ಷ ಮಾತ್ರ ಒಂದು ತಿಂಗಳು ಆಚೀಚೆಯಾಗುತ್ತದೆ: 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕೆ, ಯುಗಾದಿ ಏಪ್ರಿಲ್ 9ಕ್ಕೆ.

ಆದರೆ ನಾವು ಒಬ್ಬಟ್ಟು ತಿಂದು ಊರು ಸುತ್ತುವ ದಿನ ಅವರು ಇಡೀ ದ್ವೀಪವನ್ನೇ ಸುಮ್ಮನಾಗಿಸುತ್ತಾರೆ. 24 ಗಂಟೆ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ರಸ್ತೆಗೆ ಇಳಿಯುವ ಹಾಗಿಲ್ಲ, ದೀಪ ಹೊರಗೆ ಕಾಣುವ ಹಾಗಿಲ್ಲ. ಪೆಚಲಾಂಗ್ ಅನ್ನುವ ಊರ ಕಾವಲಿನವರು ಓಡಾಡುತ್ತಾ ನೋಡಿಕೊಳ್ಳುತ್ತಾರೆ. ನಿಯಮ ಪ್ರವಾಸಿಗರಿಗೂ ಅಷ್ಟೇ. ಹಿಂದಿನ ಸಂಜೆ ಮಾತ್ರ ಓಗೊ–ಓಗೊ ಅನ್ನುವ ದೊಡ್ಡ ರಾಕ್ಷಸ ಬೊಂಬೆಗಳನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ, ನೋಡಲೇಬೇಕು. ಆ ದಿನಕ್ಕೆ ವಿಮಾನ ಬುಕ್ ಮಾಡಬೇಡಿ. ಮೊದಲೇ ಹೋಗಿದ್ದರೆ ಹಿಂದಿನ ದಿನವೇ ಹಣ್ಣು, ಬ್ರೆಡ್ಡು, ನೀರು ತಂದಿಟ್ಟುಕೊಂಡು ಹೋಮ್‌ಸ್ಟೇ ಅಂಗಳದಲ್ಲಿ ಇಬ್ಬರೂ ಕೂತುಬಿಡಿ. ಬೀದಿದೀಪ ಇಲ್ಲದ ಆ ರಾತ್ರಿಯ ನಕ್ಷತ್ರಗಳಿಗಾಗಿಯೇ ಹೋಗಬಹುದು.

ಬ್ಯಾಗಲ್ಲಿ ಏನೇನಿರಬೇಕು?

ತಲೆಗೆ ಏಳು ಕಿಲೋ ಸಾಕು. ಬಟ್ಟೆ ಒಗೆದು ಕೊಡುವ ಅಂಗಡಿ ಪ್ರತಿ ಬೀದಿಯಲ್ಲಿದೆ, ಕಿಲೋ ಲೆಕ್ಕ. ಬೆಟ್ಟದ ಊರಿಗೆ ಒಂದೊಂದು ಸ್ವೆಟರ್ ಇರಲಿ. ತೆಳು ಪಂಚೆ ಒಂದಿದ್ದರೆ ದೇವಸ್ಥಾನಕ್ಕೂ ಆಗುತ್ತದೆ, ಸಮುದ್ರದ ಹತ್ತಿರ ಮೈ ಒರೆಸಲೂ ಆಗುತ್ತದೆ. ಪ್ಲಗ್ಗು ದುಂಡು ಎರಡು ಪಿನ್ನಿನದು: ನಮ್ಮ ಎರಡು ಪಿನ್ನಿನ ಚಾರ್ಜರ್ ಹಿಡಿಯುತ್ತದೆ, ಮೂರು ಪಿನ್ನಿನದು ಹಿಡಿಯುವುದಿಲ್ಲ. ಸೊಳ್ಳೆ ಕ್ರೀಂ ಬೇಕೇ ಬೇಕು, ಡೆಂಗಿ ಅಲ್ಲಿಯೂ ಇದೆ. ಉಳಿದದ್ದೆಲ್ಲ ಅಲ್ಲೇ ಸಿಗುತ್ತದೆ.

## ದುಡ್ಡು, ರೂಮು, ಊಟ

ದುಡ್ಡು ಹೇಗೆ ತಗೊಂಡು ಹೋಗೋದು? ಗಣಪತಿ ಇರೋ ನೋಟು ಸಿಗುತ್ತಂತೆ, ಹೌದಾ?

ಗಣಪತಿ ನೋಟು ನಿಜ, ಆದರೆ ಹಳೆಯದು. 1998ರ 20,000 ರುಪಿಯಾ ನೋಟಿನಲ್ಲಿ ಶಿಕ್ಷಣ ತಜ್ಞ ಕಿ ಹಜರ್ ದೇವಂತರ ಅವರ ಜೊತೆ ಗಣಪತಿ ಇದ್ದ. 2008ರ ಕೊನೆಗೆ ಅದನ್ನು ಚಲಾವಣೆಯಿಂದ ತೆಗೆದರು. ಈಗ ಯಾರಾದರೂ ಮಾರಲು ಬಂದರೆ ಅದು ಸಂಗ್ರಹಕ್ಕೆ ಮಾತ್ರ, ಅಂಗಡಿಯಲ್ಲಿ ನಡೆಯುವುದಿಲ್ಲ.

ಖರ್ಚಿಗೆ ಎಟಿಎಂ ಒಳ್ಳೆಯದು. ಹೊರಡುವ ಮುಂಚೆ ಬ್ಯಾಂಕ್ ಆ್ಯಪಿನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ಆನ್ ಮಾಡಿ. ಬ್ಯಾಂಕಿನ ಒಳಗೋ ಪಕ್ಕದಲ್ಲೋ ಇರುವ ಎಟಿಎಂ ನೋಡಿ. ‘ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲಾ’ ಅಂತ ಪರದೆಯ ಮೇಲೆ ಬಂದರೆ ಬೇಡ ಅನ್ನಿ, ಆ ದರ ಯಾವಾಗಲೂ ನಷ್ಟದ್ದೇ. ಇನ್ನೊಂದು ವಿಷಯ: ಅಲ್ಲಿನ ಬಹಳಷ್ಟು ಮಷೀನು ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ಕೊಡುತ್ತವೆ. ದುಡ್ಡು ಎಣಿಸುತ್ತಾ ಹೊರಟುಬಿಟ್ಟರೆ ಕಾರ್ಡ್ ಒಳಗೇ ಉಳಿಯುತ್ತದೆ. ಒಬ್ಬರು ದುಡ್ಡು, ಒಬ್ಬರು ಕಾರ್ಡ್ ಅಂತ ಹಂಚಿಕೊಳ್ಳಿ. ಇಬ್ಬರ ಕಾರ್ಡೂ ಒಂದೇ ಪರ್ಸಿನಲ್ಲಿ ಬೇಡ.

ಡಾಲರ್ ಒಯ್ದರೆ ಮಡಿಕೆಯಿಲ್ಲದ ಹೊಸ ನೋಟು ಒಯ್ಯಿರಿ. ಬೀದಿ ಬದಿಯ ಚಿಕ್ಕ ಅಂಗಡಿಯಲ್ಲಿ ಎಲ್ಲರಿಗಿಂತ ಒಳ್ಳೆಯ ದರದ ಬೋರ್ಡ್ ಹಾಕಿದ್ದರೆ ಒಳಗೆ ಹೋಗಲೇಬೇಡಿ. ಅಲ್ಲಿ ಸಣ್ಣ ನೋಟುಗಳ ರಾಶಿ ಹಾಕಿ, ಎಣಿಸಿ ತೋರಿಸಿ, ಕೊನೆಯಲ್ಲಿ ಒಂದಷ್ಟನ್ನು ಮೇಜಿನ ಆಚೆ ಜಾರಿಸುವ ಕೈಚಳಕ ನಡೆಯುತ್ತದೆ. ಎಲ್ಲಿ ಬದಲಿಸಿದರೂ ಕೊನೆಗೆ ಎಣಿಸುವ ಕೈ ನಿಮ್ಮದಾಗಿರಲಿ. ಎಣಿಸಿದ ಮೇಲೆ ವಾಪಸ್ ಕೊಡಬೇಡಿ.

ಹಾಸ್ಟೆಲ್ ಅಗ್ಗ ಅಲ್ವಾ? ಹೋಮ್‌ಸ್ಟೇ ಯಾಕೆ?

ಒಬ್ಬರೇ ಹೋದರೆ ಹಾಸ್ಟೆಲ್ ಸರಿ. ಇಬ್ಬರು ಹೋದಾಗ ಎರಡು ಬಂಕ್ ಹಾಸಿಗೆಯ ದುಡ್ಡಿಗೆ ಒಂದು ಪೂರ್ತಿ ರೂಮು, ಸ್ವಂತ ಬಚ್ಚಲು, ಜಗಲಿ, ತಿಂಡಿ ಸಿಗುತ್ತದೆ. ಬಾಲಿಯ ಹೋಮ್‌ಸ್ಟೇ ಅಂದರೆ ನಿಜವಾಗಿಯೂ ಮನೆ. ಗೋಡೆ ಕಟ್ಟಿದ ಒಂದು ದೊಡ್ಡ ಅಂಗಳ, ಅದರೊಳಗೆ ಬಿಡಿಬಿಡಿಯಾಗಿ ಅಡುಗೆಮನೆ, ಮಲಗುವ ಮನೆ, ಮೂಲೆಯಲ್ಲಿ ಮನೆದೇವರ ಗುಡಿ. ಅಂಗಳದ ಒಂದು ಕಡೆ ನಿಮ್ಮ ರೂಮು.

ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಹಿಡಿದು ಕೂತರೆ ಮನೆಯಾಕೆ ಚನಾಂಗ್ ಸರಿ ಇಡುವುದನ್ನು ನೋಡಬಹುದು. ಎಳೆ ತೆಂಗಿನ ಗರಿಯಿಂದ ಹೆಣೆದ ಅಂಗೈ ಅಗಲದ ಚೌಕ ತಟ್ಟೆ. ಬಿಳಿ ಹೂ ಪೂರ್ವಕ್ಕೆ, ಕೆಂಪು ದಕ್ಷಿಣಕ್ಕೆ, ಹಳದಿ ಪಶ್ಚಿಮಕ್ಕೆ, ನೀಲಿ ಇಲ್ಲವೇ ಹಸಿರು ಉತ್ತರಕ್ಕೆ. ಮೇಲೊಂದು ಊದುಬತ್ತಿ, ಕೆಲವೊಮ್ಮೆ ಒಂದು ಬಿಸ್ಕತ್ತು. ಇಟ್ಟು, ಹೂವಿನಿಂದ ನೀರು ಚಿಮುಕಿಸಿ, ಬತ್ತಿಯ ಹೊಗೆಯನ್ನು ಅಂಗೈಯಿಂದ ದೇವರ ಕಡೆ ಬೀಸಿ ಮುಂದಿನ ಮೂಲೆಗೆ ಹೋಗುತ್ತಾರೆ. ಹೊಸ್ತಿಲಲ್ಲಿ, ಸ್ಕೂಟರಿನ ಮೇಲೆ, ಅಂಗಡಿ ಮುಂದೆ, ಫುಟ್‌ಪಾತಿನಲ್ಲಿ ಎಲ್ಲ ಕಡೆ ಇಟ್ಟಿರುತ್ತಾರೆ. ತುಳಿಯದಂತೆ ಕಾಲಡಿ ನೋಡಿಕೊಂಡು ನಡೆಯಿರಿ.

ಪಕ್ಕದ ಮನೆಯವರೂ ವಯಾನ್, ಡ್ರೈವರೂ ವಯಾನ್ ಅಂದರೆ ಗೊಂದಲ ಬೇಡ. ಮೊದಲ ಮಗು ವಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೊಮಾನ್, ನಾಲ್ಕನೆಯದು ಕೆತುತ್. ಹುಟ್ಟಿದ ಕ್ರಮದಂತೆ ಹೆಸರಿಡುವುದು ಅಲ್ಲಿನ ಪದ್ಧತಿ. ಹೆಸರಿನ ಮುಂದೆ ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಇಬು’ ಸೇರಿಸಿ ಕರೆಯಿರಿ.

ಅತ್ತೆ ಮಾವ ‘ಹೋಟೆಲ್ ಬುಕ್ ಮಾಡದೆ ಹೋಗ್ತೀರಾ’ ಅಂತ ಗಾಬರಿಯಾಗಿದ್ದಾರೆ. ಎಲ್ಲ ರಾತ್ರಿಗೂ ಬುಕ್ ಮಾಡಬೇಕಾ?

ಮೊದಲ ಮೂರು ರಾತ್ರಿಗೆ ಬುಕ್ ಮಾಡಿ, ಆ ವಿಳಾಸವನ್ನು ಮನೆಯವರಿಗೂ ಕೊಡಿ. ಆಗಮನದ ಫಾರಂಗೂ ಅದೇ ಬೇಕು. ಮುಂದಿನದನ್ನು ಎರಡು ದಿನ ಮುಂಚೆ ನೋಡಿಕೊಂಡರೆ ಸಾಕು. ಒಂದೇ ಕಡೆ ನಾಲ್ಕೈದು ರಾತ್ರಿ ಇರುತ್ತೀವಿ ಅಂದರೆ ಹೋಮ್‌ಸ್ಟೇಯವರು ತಾವಾಗಿ ದರ ಇಳಿಸುತ್ತಾರೆ. ಜುಲೈ, ಆಗಸ್ಟಿನಲ್ಲಿ ಮಾತ್ರ ಎಲ್ಲವನ್ನೂ ಮುಂಚೆಯೇ ಬುಕ್ ಮಾಡಿ.

ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳ್ತೀವಾ?

ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಬಾಲಿಯ ಜನ ಹೆಚ್ಚಿನವರು ಹಿಂದೂಗಳಾದರೂ ಸಸ್ಯಾಹಾರಿಗಳಲ್ಲ. ಹಂದಿ ಅವರ ಹಬ್ಬದ ಊಟ. ನಿಮಗೆ ಆಸರೆ ವಾರುಂಗ್, ಅಂದರೆ ಮನೆಯವರೇ ನಡೆಸುವ ಚಿಕ್ಕ ಊಟದಂಗಡಿ. ಗಾಜಿನ ಕಪಾಟಿನಲ್ಲಿ ಹತ್ತು ಹನ್ನೆರಡು ಬಗೆ ಜೋಡಿಸಿಟ್ಟಿರುತ್ತಾರೆ. ನಾಸಿ ಚಂಪೂರ್ ಅಂತ ಹೇಳಿ ಅನ್ನದ ಪಕ್ಕಕ್ಕೆ ಬೇಕಾದ್ದನ್ನು ಬೆರಳು ತೋರಿಸಿ ಹಾಕಿಸಿಕೊಳ್ಳಿ. 20ರಿಂದ 35 ಸಾವಿರ ರುಪಿಯಾಗೆ ಹೊಟ್ಟೆ ತುಂಬುತ್ತದೆ.

ಸೋಯಾ ಕಾಳನ್ನು ಹುದುಗಿಸಿ ಮಾಡುವ ತೆಂಪೆಯನ್ನು ದಿನಾ ತಿನ್ನಬಹುದು: ಕರಿದದ್ದು, ಸಿಹಿ ಸೋಯಾ ರಸದಲ್ಲಿ ಬಾಡಿಸಿದ್ದು, ಕಡಲೆಕಾಯಿ ಜೊತೆ ಗರಿಗರಿ ಮಾಡಿದ್ದು. ಸಾಯುರ್ ಉರಾಬ್ ನಮ್ಮ ಕಾಯಿತುರಿ ಹಾಕಿದ ಪಲ್ಯದ ಹಾಗೇ ಇರುತ್ತದೆ. ಗಾಡೊ–ಗಾಡೊ ಅಂದರೆ ಬೇಯಿಸಿದ ತರಕಾರಿಯ ಮೇಲೆ ಕಡಲೆಕಾಯಿ ಗೊಜ್ಜು. ಸಿಹಿಗೆ ಕಪ್ಪಕ್ಕಿಯ ಬುಬುರ್ ಇಂಜಿನ್, ಒಳಗೆ ಬೆಲ್ಲ ಇರುವ ಕ್ಲೆಪೊನ್.

ಕಣ್ಣಿಗೆ ಕಾಣದ ಮಾಂಸಾಹಾರ ಎರಡು. ಒಂದು ತೆರಾಸಿ, ಅಂದರೆ ಸಿಗಡಿಯಿಂದ ಮಾಡಿದ ಮಸಾಲೆ. ಸಂಬಾಲ್ ಚಟ್ನಿಯಲ್ಲಿ ಇದು ಇದ್ದೇ ಇರುತ್ತದೆ ಅಂದುಕೊಳ್ಳಿ, ಗಾಡೊ–ಗಾಡೊ ಗೊಜ್ಜಿನಲ್ಲೂ ಇರಬಹುದು. ಇನ್ನೊಂದು ಹಪ್ಪಳದ ಹಾಗೆ ಕಾಣುವ ಕೆರುಪುಕ್, ಹೆಚ್ಚಿನವು ಸಿಗಡಿಯವೇ. ‘ತಿದಾಕ್ ಪಾಕೈ’ ಅಂದರೆ ಹಾಕಬೇಡಿ. ದಾಗಿಂಗ್ ಮಾಂಸ, ಆಯಾಮ್ ಕೋಳಿ, ಇಕಾನ್ ಮೀನು, ತೆಲುರ್ ಮೊಟ್ಟೆ. ‘ತಿದಾಕ್ ಪಾಕೈ ದಾಗಿಂಗ್, ಆಯಾಮ್, ಇಕಾನ್, ತೆರಾಸಿ’ ಅಂತ ಒಂದು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಸಿ ಇಟ್ಟುಕೊಳ್ಳಿ, ಅವರ ಭಾಷೆ ಬರೆಯುವುದೂ ಅದರಲ್ಲೇ. ಉಬುದ್‌ನಲ್ಲಿ ಪೂರ್ತಿ ಸಸ್ಯಾಹಾರಿ ವಾರುಂಗ್‌ಗಳೇ ಬೇಕಾದಷ್ಟಿವೆ. ಊರಿಂದ ಚಟ್ನಿಪುಡಿ ಒಯ್ದರೆ ಅನ್ನದ ಜೊತೆ ಸೊಗಸು.

ನಮಗೆ ಇನ್ನೂ ಮದುವೆಯಾಗಿಲ್ಲ. ರೂಮು ಕೊಡ್ತಾರಾ? ಏನೋ ಹೊಸ ಕಾನೂನು ಬಂದಿದೆಯಂತೆ.

ಬಾಲಿಯಲ್ಲಿ ರೂಮು ಕೊಡುವಾಗ ಮದುವೆ ದಾಖಲೆ ಕೇಳುವುದು ರೂಢಿಯಲ್ಲಿಲ್ಲ. ಕಾನೂನಿನ ಮಾತು ನಿಜ: 2022ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 2026ರ ಜನವರಿ 2ರಿಂದ ಜಾರಿಗೆ ಬಂದ ದಂಡ ಸಂಹಿತೆ ಮದುವೆಯಾಚೆಗಿನ ಸಂಬಂಧವನ್ನು ಅಪರಾಧ ಅನ್ನುತ್ತದೆ. ಆದರೆ ಗಂಡ ಅಥವಾ ಹೆಂಡತಿ, ಇಲ್ಲವೇ ತಂದೆ ತಾಯಿ, ಮಕ್ಕಳು ದೂರು ಕೊಟ್ಟರೆ ಮಾತ್ರ ಕೇಸು. ಹೋಟೆಲಿನವರಾಗಲಿ ದಾರಿಹೋಕರಾಗಲಿ ದೂರು ಕೊಡಲು ಬರುವುದಿಲ್ಲ. ಜೋಡಿಗಳು ನಿಜವಾಗಿ ನೆನಪಿಡಬೇಕಾದದ್ದು ಎರಡು. ದೇವಸ್ಥಾನದ ಆವರಣದಲ್ಲಿ ಅಪ್ಪಿಕೊಂಡು ಫೋಟೋ ಬೇಡ. ಮಾದಕ ವಸ್ತುವಿನ ಹತ್ತಿರ ಸುಳಿಯಬೇಡಿ, ಅಲ್ಲಿ ಶಿಕ್ಷೆ ಬಹಳ ಕಠಿಣ.

## ಓಡಾಟ

ನಮ್ಮ ಡಿಎಲ್ ಇಟ್ಕೊಂಡು ಸ್ಕೂಟರ್ ಓಡಿಸಬಹುದಾ? ಎಲ್ಲರೂ ಓಡಿಸ್ತಾರಂತಲ್ಲ.

ಎಲ್ಲರೂ ಓಡಿಸುತ್ತಾರೆ ಅನ್ನುವುದು ಕಾರಣವಾಗಬಾರದು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಅದರಲ್ಲಿ ಬೈಕಿನ ವರ್ಗಕ್ಕೆ ಮುದ್ರೆ ಬಿದ್ದಿರಬೇಕು. ಅದನ್ನು ನಿಮ್ಮ ಆರ್‌ಟಿಒದಲ್ಲೇ ಕೊಡುತ್ತಾರೆ. ಡಿಎಲ್, ಪಾಸ್‌ಪೋರ್ಟ್, ಟಿಕೆಟ್ ಪ್ರತಿ ಕೊಟ್ಟು ಅರ್ಜಿ ಹಾಕಿದರೆ ಆಯಿತು, ಒಂದು ವರ್ಷ ನಡೆಯುತ್ತದೆ. ಪೊಲೀಸರು ಹಿಡಿದರೆ ದಂಡ ಕಟ್ಟಿ ಬರಬಹುದು, ಅದು ದೊಡ್ಡ ಮಾತಲ್ಲ. ಬಿದ್ದು ಕಾಲು ಮುರಿದಾಗ ಪರವಾನಗಿ ಇಲ್ಲದಿದ್ದರೆ ವಿಮೆಯವರು ಒಂದು ಪೈಸೆ ಕೊಡುವುದಿಲ್ಲ, ಅದು ದೊಡ್ಡ ಮಾತು. ಕಡಿಮೆ ಖರ್ಚಿನ ಪ್ರವಾಸದಲ್ಲಿ ಕೈ ಹಿಡಿತ ಮಾಡಬಾರದ ಜಾಗ ವಿಮೆ. ದ್ವಿಚಕ್ರ ವಾಹನದ ಅಪಘಾತ ಅದರಲ್ಲಿ ಸೇರಿದೆಯಾ ಅಂತ ಪಾಲಿಸಿ ಓದಿ ನೋಡಿ.

ಬಾಡಿಗೆ ದಿನಕ್ಕೆ 70 ಸಾವಿರದಿಂದ ಒಂದು ಲಕ್ಷ ರುಪಿಯಾ. ವಾರಕ್ಕೆ ತಗೊಂಡರೆ ಇನ್ನೂ ಕಡಿಮೆ. ತಗೊಳ್ಳುವಾಗ ಬ್ರೇಕು, ಟೈರು ನೋಡಿ, ಗೀರುಗಳ ವಿಡಿಯೋ ಮಾಡಿ. ಇಬ್ಬರಿಗೂ ಹೆಲ್ಮೆಟ್ ಕೇಳಿ ತಗೊಳ್ಳಿ. ಪಾಸ್‌ಪೋರ್ಟ್ ಅಡವಿಡಬೇಡಿ. ಹಳ್ಳಿ ಕಡೆ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಮನೆ ಮುಂದೆ ಸಾಲಾಗಿ ಇಟ್ಟಿರುತ್ತಾರೆ, ಬಂಕಿಗಿಂತ ಸ್ವಲ್ಪ ಜಾಸ್ತಿ ದರ. ಊರಲ್ಲಿ ದಿನಾ ಗಾಡಿ ಓಡಿಸದವರು ಅಲ್ಲಿ ಕಲಿಯಲು ಹೋಗಬೇಡಿ.

ಸ್ಕೂಟರ್ ಬೇಡ ಅಂದ್ರೆ?

ಗೋಜೆಕ್, ಗ್ರ್ಯಾಬ್ ಆ್ಯಪ್‌ಗಳಿವೆ, ದಕ್ಷಿಣದಲ್ಲಿ ಚೆನ್ನಾಗಿ ಸಿಗುತ್ತವೆ. ಕೆಲವು ಊರುಗಳಲ್ಲಿ ಸ್ಥಳೀಯ ಡ್ರೈವರ್‌ಗಳು ಆ್ಯಪ್ ಗಾಡಿ ಒಳಗೆ ಬರುವುದನ್ನು ಒಪ್ಪುವುದಿಲ್ಲ, ಬೋರ್ಡ್ ಇರುವ ಕಡೆ ಅಲ್ಲಿಯವರ ಗಾಡಿಯನ್ನೇ ಹಿಡಿಯಿರಿ. ಸಾನೂರ್, ಉಬುದ್, ಪಾದಾಂಗ್‌ಬಾಯ್ ನಡುವೆ ಪ್ರವಾಸಿಗರ ಶಟಲ್ ಬಸ್ಸುಗಳು ಓಡುತ್ತವೆ. ಬೆಟ್ಟದ ಕಡೆಯ ದೂರದ ಊರಿಗೆ ಇಡೀ ದಿನಕ್ಕೆ ಕಾರು ಮಾಡಿ, ದಾರಿಯಲ್ಲಿ ನೋಡಬೇಕಾದ್ದನ್ನೆಲ್ಲ ನೋಡುತ್ತಾ ಹೋಗಿ. ಇನ್ನೊಂದು ಜೋಡಿ ಸಿಕ್ಕರೆ ಖರ್ಚು ಅರ್ಧ.

ಎರಡು ವಾರಕ್ಕೆ ಯಾವ್ಯಾವ ಊರು ಇಟ್ಕೊಳ್ಳೋದು?

ಸಾನೂರಿನಲ್ಲಿ ಎರಡು ರಾತ್ರಿ. ವಿಮಾನ ನಿಲ್ದಾಣಕ್ಕೆ ಹತ್ತಿರ, ಕುಟಾ, ಸೆಮಿನ್ಯಾಕ್‌ನ ಗದ್ದಲ ಇಲ್ಲ, ಬೆಳಿಗ್ಗೆ ಸಮುದ್ರದ ಪಕ್ಕದ ದಾರಿಯಲ್ಲಿ ಊರಿನವರೇ ವಾಕಿಂಗ್ ಮಾಡುತ್ತಿರುತ್ತಾರೆ. ಆಮೇಲೆ ಉಬುದ್ ನಾಲ್ಕು ರಾತ್ರಿ, ಮುಂದುಕ್ ಮೂರು, ಅಮೆದ್ ಮೂರು, ಸಿದೆಮೆನ್ ಎರಡು. ಕುಟಾ, ಚಾಂಗು ಇದರಲ್ಲಿಲ್ಲ. ಅಲ್ಲಿ ಖರ್ಚು ಜಾಸ್ತಿ, ಬಾಲಿ ಕಡಿಮೆ.

ಉಬುದ್‌ನಲ್ಲಿ ತೆಗಲಾಲಾಂಗ್‌ನ ಗದ್ದೆ ಮೆಟ್ಟಿಲಿಗೆ ಎಲ್ಲರೂ ಹೋಗುತ್ತಾರೆ. ಈಗ ಅಲ್ಲಿ ಗದ್ದೆಗಿಂತ ಫೋಟೋಗೆ ಕೂರುವ ಉಯ್ಯಾಲೆ ಜಾಸ್ತಿ. ಚಂಪುಹಾನ್ ದಿಬ್ಬದ ಮೇಲಿನ ಕಾಲುದಾರಿ ಪುಕ್ಕಟೆ, ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ಗದ್ದೆ ನೋಡಬೇಕೆಂದರೆ ಮುಂದುಕ್ ದಾರಿಯಲ್ಲಿ ಸ್ವಲ್ಪ ತಿರುಗಿ ಜಟಿಲುವಿಗೆ ಹೋಗಿ. ಅಲ್ಲಿ ಗದ್ದೆಗೆ ನೀರು ಹಂಚುವುದು ಸುಬಾಕ್ ಅನ್ನುವ ರೈತರ ಕೂಟ. ಯಾರ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ ಅನ್ನುವುದನ್ನು ನೀರಿನ ದೇವಸ್ಥಾನದಲ್ಲಿ ಕೂತು ತೀರ್ಮಾನಿಸುತ್ತಾರೆ. ಮೇಲಿನ ಗದ್ದೆಯವರು ಕೆಳಗಿನವರನ್ನು ಒಣಗಿಸುವ ಹಾಗಿಲ್ಲ. ಈ ವ್ಯವಸ್ಥೆಗೇ 2012ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು. ಕಾಲುವೆ ಪಕ್ಕದ ಬದುವಿನ ಮೇಲೆ ನಡೆಯುತ್ತಾ ಹೋದರೆ ನೀರು ಒಂದು ಕಡೆ ಎರಡಾಗಿ, ಮತ್ತೊಂದು ಕಡೆ ಮೂರಾಗಿ ಒಡೆಯುವುದು ಕಾಣುತ್ತದೆ. ಕಾವೇರಿ ಕೆಳಗಿನ ನಾಲೆಯ ನೀರಿಗಾಗಿ ಕಾದ ಮನೆಯವರಾದರೆ ಅಲ್ಲಿಂದ ಬೇಗ ಏಳುವುದೇ ಇಲ್ಲ.

ಮುಂದುಕ್‌ನಲ್ಲಿ ಕಾಫಿ, ಲವಂಗದ ತೋಟಗಳ ನಡುವೆ ನಡೆದೇ ಜಲಪಾತಗಳಿಗೆ ಹೋಗಬಹುದು. ಹತ್ತಿರದ ಬೆದುಗುಲ್‌ನಲ್ಲಿ ಬೆರತಾನ್ ಕೆರೆಯ ದಡದ ಉಲುನ್ ದಾನು ದೇವಸ್ಥಾನವಿದೆ. ಪುನುಗು ಬೆಕ್ಕಿನ ಕಾಫಿ, ಅಂದರೆ ಬೆಕ್ಕು ಕಾಫಿ ಹಣ್ಣು ತಿಂದು ಹೊರಹಾಕಿದ ಬೀಜದ ಕಾಫಿ ಕುಡಿಯಿರಿ ಅಂತ ದಾರಿಯುದ್ದಕ್ಕೂ ಕರೆಯುತ್ತಾರೆ. ಬೆಕ್ಕನ್ನು ಪಂಜರದಲ್ಲಿಟ್ಟು ಹಣ್ಣು ತಿನ್ನಿಸುವ ಜಾಗಗಳು ಬಹಳ. ದಯವಿಟ್ಟು ಹೋಗಬೇಡಿ.

ನಾವೂ ಹಿಂದೂಗಳೇ ಅಲ್ವಾ, ದೇವಸ್ಥಾನದೊಳಗೆ ಬಿಡ್ತಾರಾ?

ಆವರಣಕ್ಕೆ ಬಿಡುತ್ತಾರೆ, ಒಳಗಿನ ಪೂಜೆಯ ಅಂಗಳ ಪೂಜೆಗೆ ಬಂದವರಿಗೆ ಮಾತ್ರ. ಪೂಜೆ ಮಾಡಬೇಕು ಅಂತ ವಿನಯವಾಗಿ ಕೇಳಿದರೆ ಎಷ್ಟೋ ಕಡೆ ಜೊತೆಗೆ ಕೂರಿಸಿಕೊಳ್ಳುತ್ತಾರೆ, ಆದರೆ ಅದು ಹಕ್ಕಲ್ಲ. ಗಂಡಸರಿಗೂ ಹೆಂಗಸರಿಗೂ ಸೊಂಟದಿಂದ ಕೆಳಗೆ ಪಂಚೆ, ಮೇಲೊಂದು ನಡುಪಟ್ಟಿ ಬೇಕು. ಮುಟ್ಟಿನ ಸಮಯದಲ್ಲಿ ಹೆಂಗಸರು ಬರಬಾರದು ಅಂತ ಬಾಗಿಲಲ್ಲೇ ಬರೆದಿರುತ್ತಾರೆ.

ಎಲ್ಲ ದೇವಸ್ಥಾನ ನೋಡಲು ಹೋಗಬೇಡಿ. ತಂಪಾಕ್‌ಸಿರಿಂಗ್‌ನಲ್ಲಿ ತೀರ್ಥ ಎಂಪುಲ್ ಮತ್ತು ಗುನುಂಗ್ ಕಾವಿ ಅಕ್ಕಪಕ್ಕ. ಮೊದಲನೆಯದರಲ್ಲಿ ಬುಗ್ಗೆಯ ನೀರಿಗೆ ತಲೆ ಒಡ್ಡಿ ಸ್ನಾನ ಮಾಡುತ್ತಾರೆ. ಎರಡನೆಯದು ನದಿ ಕಣಿವೆಯ ಬಂಡೆಯಲ್ಲೇ ಕೊರೆದ 11ನೇ ಶತಮಾನದ ಗುಡಿಗಳು. ಮೆಟ್ಟಿಲು ಜಾಸ್ತಿ, ಜನ ಕಡಿಮೆ. ಒಂದೇ ನೋಡುವುದಾದರೆ ನಾನು ಗುನುಂಗ್ ಕಾವಿ ಅನ್ನುತ್ತೇನೆ.

## ಸ್ವಲ್ಪ ಮುಂದುವರಿದವರಿಗೆ

ಬಾತುರ್ ಬೆಟ್ಟ ಗೈಡ್ ಇಲ್ಲದೆ ಹತ್ತಬಹುದಾ?

1,717 ಮೀಟರ್ ಎತ್ತರದ ಈ ಜ್ವಾಲಾಮುಖಿಗೆ ಸ್ಥಳೀಯ ಗೈಡ್‌ಗಳ ಸಂಘವಿದೆ, ಅವರಿಲ್ಲದೆ ಬಿಡುವುದಿಲ್ಲ ಅಂತಲೇ ತಿಳಿಯಿರಿ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಶುರುಮಾಡಿ ಎರಡು ಗಂಟೆ ಹತ್ತಬೇಕು. ಕೊನೆಯಲ್ಲಿ ಸಡಿಲ ಕಲ್ಲು, ಬೂದಿ. ಉಬುದ್‌ನಿಂದ ಹೋದರೆ ರಾತ್ರಿ ಎರಡಕ್ಕೆ ಏಳಬೇಕು. ಅದರ ಬದಲು ಹಿಂದಿನ ರಾತ್ರಿ ಕೆರೆ ಪಕ್ಕದ ತೋಯಾ ಬುಂಕಾದಲ್ಲೇ ಮಲಗಿ. ಗಾಡಿ ಖರ್ಚು ಉಳಿಯುತ್ತದೆ, ಇಳಿದು ಬಂದು ಬಿಸಿನೀರ ಬುಗ್ಗೆಯಲ್ಲಿ ಕೂರಬಹುದು.

ಅಮೆದ್‌ನಲ್ಲಿ ಈಜು ಬರದವರಿಗೆ ಏನಿದೆ? ಬರೋವ್ರು ಡೈವಿಂಗ್ ಮಾಡಬಹುದಾ?

ಅಮೆದ್‌ನ ದಡ ಕಪ್ಪು, ಆಗುಂಗ್ ಜ್ವಾಲಾಮುಖಿಯ ಕೊಡುಗೆ. ಜೆಮೆಲುಕ್ ಕೊಲ್ಲಿಯಲ್ಲಿ ಹವಳ ದಡದಿಂದಲೇ ಶುರುವಾಗುತ್ತದೆ. ಈಜು ಬರದವರು ಲೈಫ್ ಜಾಕೆಟ್ ಹಾಕಿ, ಬಾಡಿಗೆಗೆ ಸಿಗುವ ಕನ್ನಡಕ ಕೊಳವೆ ಕಟ್ಟಿ, ಎದೆಮಟ್ಟದ ನೀರಿನಲ್ಲಿ ಮುಖ ಮುಳುಗಿಸಿದರೂ ಮೀನು ಕಾಣುತ್ತದೆ. ಹವಳದ ಮೇಲೆ ಮಾತ್ರ ನಿಲ್ಲಬೇಡಿ.

ಹತ್ತಿರದ ತುಲಾಂಬೆನ್‌ನಲ್ಲಿ ಮುಳುಗಿದ ಲಿಬರ್ಟಿ ಹಡಗಿದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಹೊಡೆದ ಈ ಅಮೆರಿಕನ್ ಸರಕು ಹಡಗನ್ನು ದಡಕ್ಕೆ ಎಳೆದು ತಂದಿದ್ದರು. 1963ರಲ್ಲಿ ಆಗುಂಗ್ ಸಿಡಿದಾಗ ಅದು ಜಾರಿ ನೀರಿಗೆ ಬಿತ್ತು. ದಡದಿಂದ ನಡೆದೇ ಹೋಗಿ ಮುಳುಗಬಹುದು, ದೋಣಿ ಖರ್ಚಿಲ್ಲ. ಡೈವಿಂಗ್ ಮಾಡಿದ ಮೇಲೆ 18 ಗಂಟೆ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ಬೆಟ್ಟವನ್ನೂ ಹತ್ತಬಾರದು ಅಂತ ಹೇಳುವವರು ಕಡಿಮೆ. ಅದೇ ಸಂಜೆ ಬಾತುರ್ ಕಡೆಯ ಎತ್ತರದ ಊರು ಕಿಂತಾಮಣಿ ಮೇಲಿನ ರಸ್ತೆ ಹಿಡಿಯಬೇಡಿ.

ನುಸಾ ಪೆನಿಡಾ ಒಂದೇ ದಿನಕ್ಕೆ ಹೋಗಿ ಬರಬಹುದಾ?

ಸಾನೂರಿನಿಂದ ಸ್ಪೀಡ್ ಬೋಟ್ ಈ ದ್ವೀಪಕ್ಕೆ ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ, ಹಾಗಾಗಿ ಹೋಗಿ ಬರುವವರೇ ಜಾಸ್ತಿ. ಅವರೆಲ್ಲ ಒಂದೇ ಹೊತ್ತಿಗೆ ಕೆಲಿಂಗ್ಕಿಂಗ್ ಬಂಡೆಯ ಮುಂದೆ ಸಾಲು ನಿಲ್ಲುತ್ತಾರೆ. ಒಂದು ರಾತ್ರಿ ಉಳಿದರೆ ಬೆಳಿಗ್ಗೆ ಏಳಕ್ಕೆ ಆ ಜಾಗ ನಿಮ್ಮದು. ಅಲ್ಲಿನ ರಸ್ತೆ ಕಡಿದು, ಗುಂಡಿ ಜಾಸ್ತಿ. ಬಾಲಿಯಲ್ಲಿ ಸ್ಕೂಟರ್ ಓಡಿಸಿದವರೂ ಇಲ್ಲಿ ಡ್ರೈವರ್ ಜೊತೆಗೆ ಹೋಗುವುದು ವಾಸಿ. ಕೆಲಿಂಗ್ಕಿಂಗ್ ಕೆಳಗಿನ ದಡಕ್ಕೆ ಇಳಿದರೂ ನೀರಿಗೆ ಇಳಿಯಬೇಡಿ, ಅಲೆ ಎಳೆದುಕೊಂಡು ಹೋಗುತ್ತದೆ.

ಅವನಿಗೆ ಟ್ರೆಕ್ಕಿಂಗ್, ನನಗೆ ಸುಮ್ನೆ ಕೂತು ಓದಬೇಕು. ಜಗಳ ಆಗಲ್ವಾ?

ಆಗುತ್ತದೆ, ಅದೂ ಹಸಿವಾದಾಗ, ಬಿಸಿಲಲ್ಲಿ ದಾರಿ ತಪ್ಪಿದಾಗ. ನಮಗೆ ಕೆಲಸಕ್ಕೆ ಬಂದದ್ದು ಇಷ್ಟು. ಪ್ರತಿ ಊರಿನಲ್ಲಿ ಅರ್ಧ ದಿನ ಬೇರೆ ಬೇರೆ. ಅವರು ಜಲಪಾತಕ್ಕೆ, ನಾನು ಜಗಲಿಯಲ್ಲಿ. ರಾತ್ರಿ ಊಟಕ್ಕೆ ಇಬ್ಬರಿಗೂ ಹೇಳಲು ಏನಾದರೂ ಇರುತ್ತದೆ. ದಿನದ ಖರ್ಚಿಗೆ ಒಂದೇ ಪರ್ಸು, ಅದನ್ನು ಇಬ್ಬರೂ ದಿನ ಬಿಟ್ಟು ದಿನ ಹಿಡಿಯುವುದು. ಉಳಿತಾಯದ ಹೊಣೆ ಒಬ್ಬರ ತಲೆಗೇ ಬಿದ್ದರೆ ಅವರು ಕಾವಲುಗಾರರಾಗಿಬಿಡುತ್ತಾರೆ, ಇನ್ನೊಬ್ಬರು ಕೈ ಚಾಚುವವರು. ಅದು ರಜೆಯೇ ಅಲ್ಲ. ವಾರಕ್ಕೊಮ್ಮೆ ಒಂದು ಒಳ್ಳೆಯ ರೂಮಿಗೋ ಊಟಕ್ಕೋ ಲೆಕ್ಕ ನೋಡದೆ ಖರ್ಚು ಮಾಡಿ. ಆ ದುಡ್ಡನ್ನು ಮೊದಲೇ ತೆಗೆದಿಟ್ಟಿರಿ.

ಹೊಟ್ಟೆ ಕೆಟ್ಟರೆ, ಕೋತಿ ಕಚ್ಚಿದರೆ?

ನಲ್ಲಿ ನೀರು ಕುಡಿಯಬೇಡಿ. ಬಾಟಲಿ ಒಯ್ದರೆ ಹೋಮ್‌ಸ್ಟೇಯಲ್ಲಿ ದೊಡ್ಡ ಕ್ಯಾನಿನಿಂದ ತುಂಬಿಕೊಳ್ಳಬಹುದು. ಓಆರ್‌ಎಸ್ ಪೊಟ್ಟಣ ಜೊತೆಗಿರಲಿ. ಜ್ವರವೋ ರಕ್ತವೋ ಕಂಡರೆ ಕ್ಲಿನಿಕ್ಕಿಗೆ ಹೋಗಿ. ಅಗ್ಗದ ಕಾಕ್‌ಟೇಲಿನಲ್ಲಿ ಬೆರೆಸುವ ಅರಾಕ್ ಬಗ್ಗೆ ಎಚ್ಚರ, ಮೆಥನಾಲ್ ಬೆರೆತು ಪ್ರವಾಸಿಗರು ಸತ್ತದ್ದಿದೆ.

ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ. ನಾಯಿ ಅಥವಾ ಕೋತಿ ಕಚ್ಚಿದರೆ, ಪರಚಿದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಲಸಿಕೆ ಶುರುವಾಗಬೇಕು. ‘ಊರಿಗೆ ಹೋಗಿ ನೋಡೋಣ’ ಅಂತ ಬಿಡಬೇಡಿ. ಉಲುವಾತು ದೇವಸ್ಥಾನದ ಕೋತಿಗಳು ಕನ್ನಡಕ, ಫೋನು ಕಿತ್ತುಕೊಳ್ಳುವುದರಲ್ಲಿ ಪಳಗಿವೆ. ಕಿತ್ತುಕೊಂಡರೆ ನೀವು ಎಳೆದಾಡಬೇಡಿ, ಅಲ್ಲಿನವರಿಗೆ ಹೇಳಿ.

ಇನ್ನಷ್ಟು ದಿನ ಇರೋಣ ಅನ್ನಿಸಿದ್ರೆ? ಲೊಂಬೊಕ್‌ಗೂ ಹೋಗಬಹುದಾ?

ವೀಸಾ ಮುಗಿಯುವ ಎರಡು ವಾರ ಮುಂಚೆಯೇ ವಿಸ್ತರಣೆಗೆ ಅರ್ಜಿ ಹಾಕಿ. ಆನ್‌ಲೈನಲ್ಲಿ ಶುರುಮಾಡಿದರೂ ಫೋಟೋಗೆ ವಲಸೆ ಕಚೇರಿಗೆ ಇಬ್ಬರೂ ಹೋಗಬೇಕು, ಶುಲ್ಕ ಮತ್ತೆ ತಲೆಗೆ 5 ಲಕ್ಷ ರುಪಿಯಾ. ಅವಧಿ ಮೀರಿ ಉಳಿದರೆ ದಿನಕ್ಕೆ ತಲೆಗೆ 10 ಲಕ್ಷ ರುಪಿಯಾ ದಂಡ.

ಲೊಂಬೊಕ್‌ಗೆ ಬೇರೆ ವೀಸಾ ಬೇಡ, ಆ ಪಕ್ಕದ ದ್ವೀಪವೂ ಇಂಡೋನೇಷ್ಯಾವೇ. ಪಾದಾಂಗ್‌ಬಾಯ್‌ನಿಂದ ಲೆಂಬಾರ್‌ಗೆ ಸರ್ಕಾರಿ ಫೆರಿ ಹಗಲು ರಾತ್ರಿ ಓಡುತ್ತದೆ. ನಾಲ್ಕೈದು ಗಂಟೆ ಹಿಡಿಯುತ್ತದೆ, ಸ್ಪೀಡ್ ಬೋಟಿಗಿಂತ ಎಷ್ಟೋ ಅಗ್ಗ. ಸಿದೆಮೆನ್‌ನಿಂದ ಪಾದಾಂಗ್‌ಬಾಯ್ ಹತ್ತಿರವಾದ್ದರಿಂದ ಮೇಲೆ ಹೇಳಿದ ದಾರಿಗೆ ಇದು ಸರಿಯಾಗಿ ಸೇರುತ್ತದೆ. ಬಾಡಿಗೆ ಸ್ಕೂಟರನ್ನು ಮಾಲೀಕರನ್ನು ಕೇಳದೆ ಫೆರಿ ಹತ್ತಿಸಬೇಡಿ. ಈ ಭಾಗದ ಜ್ವಾಲಾಮುಖಿಗಳ ಬೂದಿಯಿಂದ ಆಗಾಗ ವಿಮಾನಗಳು ರದ್ದಾಗುತ್ತವೆ. 2017ರ ನವೆಂಬರಿನಲ್ಲಿ ಆಗುಂಗ್ ಹೊಗೆಯಾಡಿದಾಗ ಬಾಲಿ ನಿಲ್ದಾಣವೇ ಮುಚ್ಚಿತ್ತು. ಲೊಂಬೊಕ್‌ನಿಂದ ವಾಪಸ್ ಬಂದು ಒಂದು ರಾತ್ರಿಯಾದರೂ ಸಾನೂರಿನಲ್ಲಿ ಉಳಿದು ಆಮೇಲೆ ಬೆಂಗಳೂರು ವಿಮಾನ ಹತ್ತುವ ಹಾಗೆ ಟಿಕೆಟ್ ಮಾಡಿ. ಆಫೀಸಿಗೆ ಹೇಳುವ ರಜೆಯಲ್ಲೂ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.